ಎರಡನೇ ಜಾಯ್‌ಸ್ಟಿಕ್

ನಮ್ಮ ಮನೆಗೆ ಬಂದ ಮೊದಲ ಟಿವಿ ಗೇಮಿಗೆ ಎರಡು ಜಾಯ್‌ಸ್ಟಿಕ್ ಇದ್ದವು. ಮೊದಲನೆಯದರಲ್ಲಿ ಸ್ಟಾರ್ಟ್ ಬಟನ್ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ನಾನು ಅಣ್ಣ. ಹಾಗಾಗಿ ಮೊದಲನೆಯದು ನನ್ನದು. ಇದರ ಬಗ್ಗೆ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಆಟ ಶುರುಮಾಡುವವನೂ ನಾನೇ, ನಡುವೆ ನಿಲ್ಲಿಸುವವನೂ ನಾನೇ. ತಮ್ಮ ಒಂದಕ್ಕೆ ಹೋಗಬೇಕಾದರೂ "ಅಣ್ಣಾ, ಪಾಸ್ ಮಾಡೋ" ಎಂದು ಗೋಗರೆಯಬೇಕಿತ್ತು. ಮಾಡುತ್ತಿದ್ದೆ, ಸ್ವಲ್ಪ ತಡವಾಗಿ.

ಅದು 1993ರ ಬೇಸಿಗೆ ರಜೆ. ಜಯನಗರ 4ನೇ ಟಿ ಬ್ಲಾಕಿನಲ್ಲಿ ಓನರ್ ಮನೆಯ ಮೇಲೆ ನಮ್ಮ ಬಾಡಿಗೆ ಮನೆ. (4ನೇ ಬ್ಲಾಕ್ ಬೇರೆ, 4ನೇ ಟಿ ಬ್ಲಾಕ್ ಬೇರೆ, ಹೊರಗಿನಿಂದ ಬಂದ ನೆಂಟರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಅವರ ಆಟೊ ಮೀಟರು ಇನ್ನೆರಡು ರೂಪಾಯಿ ಓಡಿರುತ್ತಿತ್ತು.) ಅಪ್ಪ ನಮ್ಮಿಬ್ಬರನ್ನೂ ಬಿಟಿಎಸ್ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಕರೆದುಕೊಂಡು ಹೋಗಿ, ಗಾಂಧಿನಗರದ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ಅದನ್ನು ಕೊಡಿಸಿದ್ದರು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು ಎಂದು ನನಗೆ ಗೊತ್ತಾಗಿದ್ದು ಕಾಲೇಜು ಮುಗಿದ ಮೇಲೆ. ಅಸಲಿಯಲ್ಲೂ ಎರಡನೇ ಜಾಯ್‌ಸ್ಟಿಕ್‌ಗೆ ಸ್ಟಾರ್ಟ್ ಇರಲಿಲ್ಲವಂತೆ. ಅದರ ಬದಲು ಪುಟ್ಟದೊಂದು ಮೈಕ್ ಇಟ್ಟಿದ್ದರಂತೆ. ನಕಲು ಮಾಡಿದ ಪುಣ್ಯಾತ್ಮ ಮೈಕನ್ನೂ ಬಿಟ್ಟು ಸ್ಟಾರ್ಟನ್ನೂ ಬಿಟ್ಟಿದ್ದ. ಪಾಪ, ನಮ್ಮ ತಮ್ಮನಿಗೆ ಉಳಿದದ್ದು ದೇವರು ಕೊಟ್ಟ ಬಾಯಿ.

ಆ ಬಾಯಿ ಹೆಚ್ಚು ಕೆಲಸ ಮಾಡುತ್ತಿದ್ದುದು ಕಾಂಟ್ರಾ ಆಡುವಾಗ. ಇಬ್ಬರು ಯೋಧರು, ನೀಲಿ ಪ್ಯಾಂಟಿನವನು ನಾನು, ಕೆಂಪು ಪ್ಯಾಂಟಿನವನು ಅವನು. ಮೂರನೇ ಹಂತದಲ್ಲಿ ಒಂದು ಜಲಪಾತ. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲಕ್ಕೆ ಹತ್ತಬೇಕು. ಒಬ್ಬ ಮುಂದೆ ಹತ್ತಿದರೆ ಪರದೆಯೂ ಅವನ ಜೊತೆ ಮೇಲೇರುತ್ತದೆ. ಕೆಳಗೆ ಉಳಿದವನು ಗುಂಡು ತಾಗದೆಯೂ ಸಾಯುತ್ತಾನೆ. ಅಂದರೆ ತಮ್ಮನನ್ನು ಕೊಲ್ಲಲು ಶತ್ರುಗಳು ಬೇಕಿರಲಿಲ್ಲ, ಅಣ್ಣನ ಅವಸರ ಸಾಕಾಗಿತ್ತು. "ನಿಲ್ಲೋ, ನಿಲ್ಲೋ ಅಂತೀನಿ!" ಎಂದು ಕೂಗುತ್ತ ನನ್ನ ತೊಡೆ ಚಿವುಟುತ್ತಿದ್ದ. ಅವನ ಮೊಣಕೈ ನನ್ನ ಪಕ್ಕೆಲುಬಿನಲ್ಲೇ ಇರುತ್ತಿತ್ತು, ಆಟದ ಮೂರನೇ ಬಟನ್ ಎಂಬಂತೆ.

ಆದರೆ ಅವನಿಗೂ ಒಂದು ಅಸ್ತ್ರವಿತ್ತು. ಕಾಂಟ್ರಾದಲ್ಲಿ ಒಬ್ಬನ ಲೈಫುಗಳೆಲ್ಲ ಮುಗಿದರೆ ಇನ್ನೊಬ್ಬನ ಖಾತೆಯಿಂದ ಒಂದನ್ನು ತೆಗೆದುಕೊಳ್ಳಬಹುದು. ಕೊಡುವವನ ಒಪ್ಪಿಗೆ ಬೇಕಿಲ್ಲ, ತೆಗೆದುಕೊಳ್ಳುವವನು ಬಟನ್ ಒತ್ತಿದರೆ ಮುಗಿಯಿತು. ತಮ್ಮ ಒಂದು ದಿನವೂ ಕೇಳಿ ತೆಗೆದುಕೊಳ್ಳಲಿಲ್ಲ. ನಾನು ಬೆವರು ಸುರಿಸಿ ಉಳಿಸಿಟ್ಟ ಲೈಫುಗಳು ನನ್ನ ಕಣ್ಣೆದುರೇ ಕರಗುತ್ತಿದ್ದವು. ಮೂವತ್ತು ಲೈಫು ಕೊಡುವ ಮಂತ್ರ ನಮಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಅದನ್ನು ಮೊದಲು ಬರೆದವರು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ. 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಪರೀಕ್ಷಿಸುವಾಗ ಅದು ತಮಗೇ ಕಷ್ಟವಾಯಿತೆಂದು ಈ ಅಡ್ಡದಾರಿ ಇಟ್ಟುಕೊಂಡರು. 2020ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ದೂರದ ಸೋದರಮಾವ ಹೋದಂತೆನಿಸಿತು. ಮೂವತ್ತು ಲೈಫು ಇದ್ದಾಗಲೂ ತಮ್ಮ ಕದಿಯುತ್ತಿದ್ದ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಆಡುವವರು ಇಬ್ಬರು, ನೋಡುವವರು ನಾಲ್ಕು ಜನ. ಓನರ್ ಮಗ, ಎದುರು ಮನೆಯ ಇಬ್ಬರು ಹುಡುಗಿಯರು, ಹುರುಳಿಕಾಯಿ ಬಿಡಿಸುತ್ತ ಕೂತ ಅಜ್ಜಿ. ಅಜ್ಜಿಗೆ ಮಾರಿಯೋ ಎಂದರೆ 'ಆ ಮೀಸೆಯವನು'. ಅವನು ಗುಂಡಿಗೆ ಬಿದ್ದಾಗಲೆಲ್ಲ "ಅಯ್ಯೋ ಪಾಪ, ನೋಡ್ಕೊಂಡು ನಡೆಸಬಾರದೇನೋ" ಎಂದು ನನ್ನನ್ನು ಬೈಯುತ್ತಿದ್ದರು. ಒಬ್ಬ ಔಟಾದರೆ ಜಾಯ್‌ಸ್ಟಿಕ್ ಮುಂದಿನವನಿಗೆ. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು ಉಫ್ ಎಂದು ಊದಲು ಸರದಿ. ಅಮ್ಮ "ಊಟಕ್ಕೆ ಬರ್ತೀರೋ ಇಲ್ವೋ" ಎಂದು ಎರಡು ಸಲ ಕರೆಯುತ್ತಿದ್ದಳು. ಮೂರನೇ ಸಲ ನಾನು ಸ್ಟಾರ್ಟ್ ಒತ್ತುತ್ತಿದ್ದೆ. ಹಾರುತ್ತಿದ್ದ ಗುಂಡುಗಳು ಗಾಳಿಯಲ್ಲೇ ನಿಂತು, ನಾವು ಸಾರು ಮಜ್ಜಿಗೆ ಮುಗಿಸಿ ಕೈ ತೊಳೆದು ಬರುವವರೆಗೂ ಕಾಯುತ್ತಿದ್ದವು.

ಹತ್ತು ವರ್ಷದ ಮೇಲೆ ಆಟ ಬಿಟಿಎಂ ಲೇಔಟಿಗೆ ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರಿನ ಹೆಸರನ್ನು ಮೂರು ಅಕ್ಷರಕ್ಕೆ ಇಳಿಸಿದ ಬಡಾವಣೆಯಲ್ಲಿ ಒಂದು ಬೇಸ್‌ಮೆಂಟು, ಹನ್ನೆರಡು ಕಂಪ್ಯೂಟರು, ಗಂಟೆಗೆ ಇಪ್ಪತ್ತು ರೂಪಾಯಿ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ದೇವಸ್ಥಾನದ ಹಾಗೆ. ಒಳಗೆ ಕೌಂಟರ್ ಸ್ಟ್ರೈಕ್ 1.6, ಯಾವಾಗಲೂ ಅದೇ ಡಸ್ಟ್ 2 ಮ್ಯಾಪು. ಇಂಟರ್ನೆಟ್ಟಿನ ಹಂಗಿಲ್ಲ, ಹನ್ನೆರಡು ಯಂತ್ರಗಳಿಗೆ ಒಂದಕ್ಕೊಂದು ಕೇಬಲ್ಲಿನ ನೆಂಟಸ್ತಿಕೆ, ಅಷ್ಟೆ. "ಹಿಂದೆ ಇದಾನೆ ಮಗಾ, ಹಿಂದೆ!" ಎಂದು ತಂಡಕ್ಕೆ ಕೂಗಿದರೆ ಆ ಹಿಂದಿದ್ದವನಿಗೂ ಕೇಳಿಸುತ್ತಿತ್ತು. ಆ ಆಟದಲ್ಲಿ ಸತ್ತರೆ ಸುತ್ತು ಮುಗಿಯುವವರೆಗೆ ಮತ್ತೆ ಹುಟ್ಟುವಂತಿಲ್ಲ. ಹಾಗಾಗಿ ಸತ್ತವರೆಲ್ಲ ಎದ್ದು ಬಂದು ಬದುಕಿರುವವರ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಕೊನೆಗೆ ಒಬ್ಬನೇ ಉಳಿದರೆ ಅವನ ಬೆನ್ನಿಗೆ ಹನ್ನೊಂದು ಪ್ರೇತಗಳ ಬಿಸಿ ಉಸಿರು. ಸೋತ ತಂಡ ಪಕ್ಕದ ಅಯ್ಯಂಗಾರ್ ಬೇಕರಿಯಲ್ಲಿ ಖಾರಾ ಬನ್ ಕೊಡಿಸಬೇಕು, ಬೈ ಟು ಟೀ ಸಮೇತ. ಒಳಗಿನ ಜಗಳ ಅಲ್ಲಿ ಮುಗಿಯುತ್ತಿತ್ತು, ಇಲ್ಲವೇ ಅಲ್ಲಿಂದ ಶುರುವಾಗುತ್ತಿತ್ತು.

ಆ ಬೇಸ್‌ಮೆಂಟನ್ನು ಮುಚ್ಚಿಸಿದವರು ಯಾರು ಎಂದು ಬೇರೆಯವರತ್ತ ಬೆರಳು ತೋರಿಸುವ ಮುಖ ನನಗಿಲ್ಲ. ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ನಮ್ಮ ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕವಿಲ್ಲ. ಎರಡಕ್ಕೆ ಅಲಾರಂ ಇಟ್ಟು ಎದ್ದು, ಲೈಟು ಹಾಕದೆ ಕೂತು, ಎಲ್ಲಿಯವನೋ ಒಬ್ಬನ ಜೊತೆ ಆಡಿದೆ. ಗೆದ್ದೆ. ತಿರುಗಿ ನೋಡಿದರೆ ಕುರ್ಚಿಯ ಹಿಂದೆ ಯಾರೂ ಇರಲಿಲ್ಲ. ಆದರೂ ಮಾರನೇ ರಾತ್ರಿ ಅಲಾರಂ ಇಟ್ಟೆ. ಬಿಟಿಎಂಗೆ ಹೋಗುವುದು ವಾರಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾಗಿ ನಿಂತೇ ಹೋಯಿತು. ಉಳಿದ ಹನ್ನೊಂದು ಜನರೂ ಅವರವರ ಮನೆಯಲ್ಲಿ ಹೀಗೇ ಅಲಾರಂ ಇಟ್ಟಿರಬೇಕು. ಈಗ ಅಲ್ಲಿ ಪಿಜಿ ಇದೆ. ಬಾಗಿಲಲ್ಲಿ ಚಪ್ಪಲಿ ರಾಶಿ ಮಾತ್ರ ಹಾಗೇ ಇದೆ.

ಈಗ ನಾವಿರುವುದು ಜೆಪಿ ನಗರ 7ನೇ ಹಂತದ ಫ್ಲ್ಯಾಟಿನಲ್ಲಿ. ನನ್ನ ಮಗ ರೂಮಿನ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಸಿಕ್ಕಿಸಿಕೊಂಡು, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಯಾರನ್ನೋ ಬೈಯುತ್ತಿರುತ್ತಾನೆ. "ಊಟಕ್ಕೆ ಬಾರೋ" ಎಂದು ಅವನಮ್ಮ ಕರೆದರೆ ಬರುವ ಉತ್ತರ ಒಂದೇ: "ಅಮ್ಮಾ, ಆನ್‌ಲೈನ್ ಗೇಮ್ ಪಾಸ್ ಮಾಡಕ್ಕಾಗಲ್ಲ." ಅವಳು ಇದನ್ನು ಸುಳ್ಳೆಂದೇ ಬಹಳ ಕಾಲ ನಂಬಿದ್ದಳು. ನಿಜ ಅದು. ನೂರು ಜನ ಒಂದೇ ದ್ವೀಪಕ್ಕೆ ಧುಮುಕಿರುವಾಗ ಒಬ್ಬನ ಚಪಾತಿ ಆರುತ್ತದೆಂದು ಜಗತ್ತು ನಿಲ್ಲುವುದಿಲ್ಲ. ಅವನ ಕಿವಿಗೆ ತಾಗಿದ ಮೈಕನ್ನು ನೋಡಿದಾಗ ನನಗೆ ಹೊಳೆಯಿತು: ಜಪಾನಿನವರ ಎರಡನೇ ಜಾಯ್‌ಸ್ಟಿಕ್ ಇದೇ ಅಲ್ಲವೇ? ಮೈಕ್ ಇದೆ, ಸ್ಟಾರ್ಟ್ ಇಲ್ಲ. ಈಗ ಎಲ್ಲರೂ ತಮ್ಮಂದಿರೇ.

2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಇಲ್ಲಿಯವರಿಗೆ ಸೇವೆಯೂ ನಿಂತಿತು. ಮಗನಿಗಾಗ ಹನ್ನೆರಡು ವರ್ಷ. ಲಾಕ್‌ಡೌನ್ ಪೂರ್ತಿ ಅವನು ಇನ್ನು ಮೂವರ ಜೊತೆ ಸೇರಿ ಆಡಿದ್ದ. ಆ ರಾತ್ರಿ ಸಪ್ಪಗೆ ಕೂತಿದ್ದವನಿಗೆ ಹೇಳಿದೆ, "ಫೋನ್ ಮಾಡಿ ಮಾತಾಡೋ ಅವರ ಜೊತೆ." ನಂಬರ್ ಇಲ್ಲ ಎಂದ. ಹೆಸರು? ಆಟದ ಹೆಸರುಗಳು ಗೊತ್ತಿದ್ದವು, ಅಂಕಿ, ಅಡ್ಡಗೆರೆ, ತಲೆಬುರುಡೆಯ ಚಿತ್ರ ಸೇರಿಸಿ ಬರೆದಂಥವು. ಊರು? ಒಬ್ಬ ಇಂದೋರ್‌ನವನಿರಬೇಕು ಎಂದ. ಅವನ ಮನೆಯ ಫ್ಯಾನಿನ ಸದ್ದು ಮಾತ್ರ ಇವನಿಗೆ ಚೆನ್ನಾಗಿ ಗೊತ್ತಿತ್ತು. ಮರುವರ್ಷದ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರು ಹೊತ್ತು ಬಂದಾಗ ಹುಡುಕಿದ. ಸಿಗಲಿಲ್ಲ.

ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಹಳೆಯ ಯಂತ್ರ ನಮ್ಮ ಅಟ್ಟದಲ್ಲಿದೆ. ಒಂದೇ ಒಂದು ಕ್ಯಾಸೆಟ್ ಇನ್ನೂ ಓಡುತ್ತದೆ, ಊದಿದರೆ. ಕೊನಾಮಿಯವರು 2019ರಲ್ಲಿ ಹಳೆಯ ಕಾಂಟ್ರಾಗಳನ್ನು ಒಟ್ಟು ಮಾಡಿ ಮಾರಿದ್ದರಲ್ಲ, ಅದನ್ನು ಮಗನೇ ನನ್ನ ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಚಿಕ್ಕಪ್ಪನೂ ಸೇರಿಕೊಳ್ಳುವಂತೆ ಮಾಡಿಕೊಟ್ಟ. ನಮ್ಮ ಭಾನುವಾರ ಬೆಳಗಿನ ಏಳು ಗಂಟೆ, ಅವನ ಶನಿವಾರ ರಾತ್ರಿಯ ಒಂಬತ್ತೂವರೆ. ಆಟ ಓಡುತ್ತಿದ್ದುದು ನನ್ನಲ್ಲಿ. ಅವನು ಒತ್ತಿದ್ದು ಸಮುದ್ರ ದಾಟಿ ಬರುವಷ್ಟರಲ್ಲಿ ಗುಂಡು ಅವನನ್ನು ದಾಟಿರುತ್ತಿತ್ತು. ಜಲಪಾತಕ್ಕೆ ಬಂದೆವು. ಪ್ರತಿ ಬಂಡೆಯ ಮೇಲೂ ನಿಂತು ಅವನಿಗಾಗಿ ಕಾದೆ. ಆದರೂ ಬಿದ್ದ, ಮತ್ತೆ ಬಿದ್ದ. ಅವನ ಲೈಫುಗಳು ಮುಗಿದವು. ನನ್ನ ಹತ್ತಿರ ನಾಲ್ಕಿದ್ದವು. ಪಕ್ಕೆಲುಬು ತಾನಾಗಿ ಒಳಕ್ಕೆಳೆದುಕೊಂಡಿತು.

ಹೆಡ್‌ಫೋನಿನಲ್ಲಿ ಅವನ ದನಿ ಬಂತು, "ಒಂದು ಲೈಫ್ ತಗೊಳ್ಳಲಾ, ಅಣ್ಣ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದ. ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಅವನ ಮನೆಯೊಳಗಿಂದ ಮಗು ಎದ್ದು ಅಳುವ ಸದ್ದು. "ಒಂದ್ನಿಮಿಷ..." ಎಂದ. ಪಾಸ್ ಮಾಡು ಎಂದು ಅವನು ಹೇಳುವ ಮೊದಲೇ ನಾನು ಸ್ಟಾರ್ಟ್ ಒತ್ತಿದ್ದೆ. ಅವನು ಮಗುವನ್ನು ಮಲಗಿಸಿ ಬರುವವರೆಗೂ ನೀರು ಹಾಗೇ ಬಂಡೆಗಳ ಮೇಲೆ ನಿಂತಿತ್ತು.