ಚಪಲ್‌ನ ಹೊಟ್ಟೆಯೊಳಗೆ

ರಬಕವಿ-ಬನಹಟ್ಟಿ ಕಡೆಯ ನಮಗೆ ಸಮುದ್ರ ಬಲು ದೂರದ ಸಂಗತಿ. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ಸೀಮೆಯ ಹೊಲಗಳಿಗೆ ನುಗ್ಗಿದಾಗ ಕಾಣುವ ನೀರೇ ನಮ್ಮ ಪಾಲಿನ ಕಡಲು. ಯುದ್ಧವೂ ಅಷ್ಟೇ ದೂರ. ಆಯುಧ ಒಪ್ಪಿಸಲು ನಿರಾಕರಿಸಿ 1857ರಲ್ಲಿ ಇಂಗ್ಲಿಷರ ವಿರುದ್ಧ ಕಾದಿದ ಹಲಗಲಿಯ ಬೇಡರ ಕತೆಯನ್ನು ಲಾವಣಿಯಲ್ಲಿ ಕೇಳಿ ಬೆಳೆದವರು ನಾವು. ಲಾವಣಿಯ ಯುದ್ಧಕ್ಕೆ ಏರುದನಿ. ಅದರ ತಗ್ಗುದನಿಯನ್ನೂ ಕೇಳಬೇಕೆಂದರೆ ಒಮ್ಮೆ ಕಾರವಾರಕ್ಕೆ ಹೋಗಿ ಬರಬೇಕು.

ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಗಾಳಿಗೆ ಮೈಯೊಡ್ಡಿಕೊಂಡು ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆ ನೆಲದ ಮೇಲೆ ನಿಂತಿದೆ. ಈಗ ಅದು ವಸ್ತುಸಂಗ್ರಹಾಲಯ. ನೌಕಾಪಡೆ ಸೇರಬೇಕೆಂದು ಹಟ ಹಿಡಿದಿದ್ದ ತಂಗಿಯ ಮಗನನ್ನು ಅಲ್ಲಿಗೆ ಕರೆದುಕೊಂಡು ಹೊರಟಾಗ ತಂಗಿ ಹೇಳಿದ್ದು ಒಂದೇ ಮಾತು: ‘ಅಣ್ಣಾ, ಅಂವಗ ಎಲ್ಲಾ ತೋರ್ಸು. ಚಂದ ಇದ್ದದ್ದಷ್ಟ ತೋರಸಬ್ಯಾಡ.’

ನೌಕೆ ಕಂಡೊಡನೆ ಹುಡುಗನ ಪ್ರಶ್ನೆ: ‘ಮಾಮಾ, ಇದು ಕರಾಚಿಗೆ ಹೋಗಿತ್ತೇನ್ರಿ? ಎಷ್ಟ ಹಡಗ ಮುಳುಗಿಸೇತ್ರಿ?’

ಕರಾಚಿಯ ಮೇಲೆ 1971ರ ಡಿಸೆಂಬರ್ 4ರ ರಾತ್ರಿ ದಾಳಿ ಮಾಡಿದ್ದು ನಿರ್ಘಾತ್, ನಿಪಾತ್ ಮತ್ತು ವೀರ್ ಎಂಬ ಕ್ಷಿಪಣಿ ನೌಕೆಗಳು. ಆ ನೆನಪಿಗಾಗಿಯೇ ಡಿಸೆಂಬರ್ 4 ನೌಕಾಪಡೆಯ ದಿನ. ಚಪಲ್ ಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. ಇದನ್ನು ಕೇಳಿ ಹುಡುಗನ ಮುಖ ಸಪ್ಪಗಾಯಿತು. ‘ಹಂಗಾರ ಇದು ಏನ ಮಾಡ್ತು?’ ಎಂದ.

ಉತ್ತರ ಒಳಗಿತ್ತು. ನೌಕೆಯ ಉದ್ದ ನಲವತ್ತು ಮೀಟರೂ ಇಲ್ಲ. ಅಷ್ಟರಲ್ಲೇ ಸುಮಾರು ಮೂವತ್ತು ಮಂದಿಯ ಊಟ, ನಿದ್ದೆ, ಕೆಲಸ. ತಲೆ ಬಗ್ಗಿಸಿ, ಮೈ ಹಿಡಿಮಾಡಿಕೊಂಡು ನಡೆಯಬೇಕು. ಅವರ ದಿನಚರಿ ತಿಳಿಯಲೆಂದು ನಾವಿಕರ ಬೊಂಬೆಗಳನ್ನು ಇಟ್ಟಿದ್ದಾರೆ. ಇಡೀ ನೌಕೆಗೆ ಇದ್ದದ್ದು ನಾಲ್ಕೇ ಕ್ಷಿಪಣಿ. ಆ ನಾಲ್ಕು ಯಾವ ಗಳಿಗೆಯಲ್ಲಿ ಬೇಕಾದರೂ ಹಾರುವಂತಿರಬೇಕೆಂದು ವರ್ಷಗಟ್ಟಲೆ ಎಣ್ಣೆ ಹಚ್ಚುವುದು, ತುಕ್ಕು ಕೆರೆಯುವುದು, ರಾತ್ರಿ ಕಾವಲು. ಕಂಡಿಕೆ ಸುತ್ತುವ ತಾಯಿಯನ್ನು ದಿನಾ ನೋಡುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮಲಗುವ ಜಾಗದ ಅಗಲವನ್ನು ಗೇಣಿನಿಂದ ಅಳೆದು ನೋಡಿದ.

ಕಾರವಾರದಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆಯೂ ಇದೆ. ಹತ್ತಿರದ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದವರು. 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ಗುಂಡಿನ ಸುರಿಮಳೆಯ ನಡುವೆ ನೆಲಬಾಂಬುಗಳನ್ನು ತೆಗೆದು, ಅಡ್ಡಬಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು. ಪರಮವೀರ ಚಕ್ರ ಬಂದದ್ದು ಆ ಕೆಲಸಕ್ಕೆ.

ತಂಗಿಗೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತು. ಮರಳಿನ ಮೇಲೆ ಕುಳಿತು ಉಳಿದದ್ದನ್ನೂ ಹೇಳಿದೆ. ಕರಾಚಿ ದಾಳಿಯಾಗಿ ಐದೇ ದಿನಕ್ಕೆ, ಡಿಸೆಂಬರ್ 9ರಂದು, ಪಾಕಿಸ್ತಾನದ ಜಲಾಂತರ್ಗಾಮಿಯೊಂದು ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಮನೆಗೆ ಮರಳಲಿಲ್ಲ. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ನಿರ್ಘಾತ್ ಮುಳುಗಿಸಿದ ಪಾಕಿಸ್ತಾನದ ಖೈಬರ್‌ನಲ್ಲಿಯೂ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರ ಮನೆಗಳಲ್ಲೂ ತಾಯಂದಿರು ದಾರಿ ಕಾಯುತ್ತಿದ್ದರು.

ಗಾಳಿ ಮರಳನ್ನು ಮುಖಕ್ಕೆ ಎರಚುತ್ತಿತ್ತು. ಬಹಳ ಹೊತ್ತಿನ ಮೇಲೆ ಹುಡುಗ ಕೇಳಿದ: ‘ಹಡಗಿನ್ಯಾಗ ಇದ್ದಾಗ ಅವ್ವನ ಕೂಡ ಮಾತಾಡಾಕ ಬಿಡ್ತಾರೇನ್ರಿ?’

ಅವನ ಆಸೆ ಬದಲಾಗಿಲ್ಲ. ಆದರೆ ಈಗ ಕೇಳುವುದು ತರಬೇತಿ ಎಷ್ಟು ದಿನ, ರಜೆ ಯಾವಾಗ, ಇಂಜಿನ್ ಕೆಲಸ ಎಲ್ಲಿ ಕಲಿಸುತ್ತಾರೆ ಎಂದು. ತಂಗಿಯೂ ಎದುರು ಕುಳಿತು ಕೇಳಿಸಿಕೊಳ್ಳುತ್ತಾಳೆ. ಮಕ್ಕಳು ಸೈನ್ಯಕ್ಕೆ ಹೋಗುತ್ತೇನೆಂದಾಗ ಕೆಲವು ಮನೆಗಳಲ್ಲಿ ಚಪ್ಪಾಳೆ, ಕೆಲವು ಮನೆಗಳಲ್ಲಿ ಕಣ್ಣೀರು. ಎರಡಕ್ಕೂ ಮೊದಲು ಅಂಥದೊಂದು ಹಡಗಿನ ಒಳಗನ್ನು ಮಕ್ಕಳ ಜೊತೆ ತಂದೆತಾಯಿಯರೂ ತಲೆ ಬಗ್ಗಿಸಿ ನೋಡಿ ಬರುವುದು ಒಳ್ಳೆಯದು.