ಸವಳು ನೆಲವೂ ನುಗ್ಗೆಯ ರಸವೂ

ಭೂಮಿಯನ್ನು ತಾಯಿಯೆಂದು ಪೂಜಿಸುವ ನಾವು, ಆ ತಾಯಿಗೆ ಅತಿಯಾಗಿ ನೀರುಣಿಸಿಯೂ ನೋಯಿಸಬಹುದೆಂಬುದನ್ನು ತಡವಾಗಿ ಅರಿತೆವು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಗೆ ನೀರು ಬಂದಿತು. ಜೋಳ, ಹತ್ತಿ, ಶೇಂಗಾ ಬೆಳೆಯಬೇಕಾದ ಎರೆ ಭೂಮಿಯಲ್ಲಿ ನಾವೆಲ್ಲ ನೆಲ್ಲು ಹಚ್ಚಿದೆವು. ನಿಂತ ನೀರಿನಿಂದ ಅಂತರ್ಜಲವು ಮೇಲೇರಿತು. ಬೇಸಿಗೆಯಲ್ಲಿ ನೀರು ಆವಿಯಾಗಿ, ಉಪ್ಪು ಮಾತ್ರ ಸುಣ್ಣ ಬಳಿದಂತೆ ನೆಲದ ಮೇಲೆ ಉಳಿಯಿತು.

ನಮ್ಮ ಹೊಲದ ಕಾಲು ಎಕರೆಯಲ್ಲಿ ತಾಯಿಯವರು ಕಾಯಿಪಲ್ಲೆ ಬೆಳೆದು, ಶ್ರಾವಣದಲ್ಲಿ ಮಠದ ದಾಸೋಹಕ್ಕೆ ಕಳುಹುತ್ತಿದ್ದರು. ಒಂದು ವರ್ಷ ಟೊಮ್ಯಾಟೊ ಸಸಿಗಳ ಎಲೆಯಂಚು ಸುಟ್ಟು, ಬುಟ್ಟಿ ಬರಿದಾಯಿತು. ತಾಯಿಯವರು ಏನೂ ಆಡಲಿಲ್ಲ. ಆ ಮೌನವೇ ನಮ್ಮನ್ನು ಚುಚ್ಚಿತು. ಮಣ್ಣು ಪರೀಕ್ಷೆಯಲ್ಲಿ ಲವಣದ ಅಳತೆ ಮೀಟರಿಗೆ 5 ಡೆಸಿಸೀಮೆನ್ಸ್ ಎಂದು ತಿಳಿಯಿತು. 4ನ್ನು ಮೀರಿದ ನೆಲವನ್ನು ಸವಳೆನ್ನುವರು. ಟೊಮ್ಯಾಟೊ ಇಳುವರಿಯಾದರೋ 2.5 ದಾಟಿದೊಡನೆ ಕುಗ್ಗತೊಡಗುತ್ತದೆ.

ಉಪ್ಪಿನ ನೆಲದಲ್ಲಿ ನೀರಿದ್ದರೂ ಬೇರು ಅದನ್ನು ಹೀರಲಾರದು. ಕೆಲವು ಸಸ್ಯಗಳು ಈ ಸಂಕಟಕ್ಕೆ ತಮ್ಮೊಳಗೇ ಮದ್ದು ಸಿದ್ಧಪಡಿಸಿಕೊಳ್ಳುತ್ತವೆ. ಬೀಟ್‌ರೂಟ್ ಮತ್ತು ಪಾಲಕ್‌ಗಳಲ್ಲಿ ಸಂಗ್ರಹವಾಗುವ ಗ್ಲೈಸಿನ್ ಬೀಟೈನ್ ಎಂಬ ಪದಾರ್ಥವು ಜೀವಕೋಶದಲ್ಲಿ ನೀರನ್ನು ಹಿಡಿದಿಡುತ್ತದೆ. ಟೊಮ್ಯಾಟೊಗೆ ಆ ಭಾಗ್ಯವಿಲ್ಲ. ಹೊರಗಿನಿಂದ ಸಿಂಪಡಿಸಿದರೆ ಅದಕ್ಕೂ ಆಸರೆಯಾಗುತ್ತದೆ. ನುಗ್ಗೆಯ ಎಲೆಯಲ್ಲಿ ಜಿಯಾಟಿನ್ ಎಂಬ ಬೆಳವಣಿಗೆಯ ಚೋದಕವೂ, ಪೊಟ್ಯಾಸಿಯಂ ಮುಂತಾದ ಪೋಷಕಾಂಶಗಳೂ ಇವೆ.

ನುಗ್ಗೆಯ ಮರವಂತೂ ಹಿತ್ತಲಲ್ಲೇ ಇತ್ತು. ಎಳೆಯ ಎಲೆಗಳನ್ನು ಅರೆದು, ಬಟ್ಟೆಯಲ್ಲಿ ಸೋಸಿ, 1 ಪಾಲು ರಸಕ್ಕೆ 30 ಪಾಲು ನೀರು ಬೆರೆಸಿ, ಅಂದಂದೇ ಸಂಜೆಯ ತಂಪಿನಲ್ಲಿ ಸಿಂಪಡಿಸಿದೆವು. ಎರಡು ಸಾಲುಗಳನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟೆವು. ಸಿಂಪಡಿಸಿದ ಸಾಲುಗಳ ಎಲೆ ಹೆಚ್ಚು ದಿನ ಹಸಿರಾಗಿದ್ದು, ಕಾಯಿಯೂ ತುಸು ಹೆಚ್ಚೇ ಹಿಡಿಯಿತು. ಹಿಂದಿನ ಸುಗ್ಗಿಯೇನೂ ಮರಳಲಿಲ್ಲ. ಆದರೂ ಆ ಶ್ರಾವಣದಲ್ಲಿ ಒಂದು ಬುಟ್ಟಿ ಮಠವನ್ನು ಸೇರಿತು.

ಈ ರಸವು ಗಿಡಕ್ಕೆ ಸಹನೆಯನ್ನು ನೀಡೀತೇ ಹೊರತು ನೆಲದ ಉಪ್ಪನ್ನು ತೆಗೆಯಲಾರದು. ಅದಕ್ಕೆ ಬಸಿಗಾಲುವೆ ತೋಡಬೇಕು, ಸಿಹಿನೀರಿನಿಂದ ಲವಣವನ್ನು ತೊಳೆದು ಹೊರಗಟ್ಟಬೇಕು, ಎಲ್ಲಕ್ಕೂ ಮಿಗಿಲಾಗಿ ನೀರನ್ನು ಮಿತವಾಗಿ ಬಳಸಬೇಕು. ನಾವು ಬಿಟ್ಟ ಹೆಚ್ಚಿನ ನೀರು ತಗ್ಗಿನಲ್ಲಿರುವ ನೆರೆಯವರ ಹೊಲವನ್ನೂ ಸವಳಾಗಿಸುತ್ತದೆ. ಕಾಲುವೆಯ ಕೊನೆಯಲ್ಲಿರುವವರಿಗೆ ನೀರೇ ಸಿಗದಂತಾಗುತ್ತದೆ. ಪರರ ಪಾಲನ್ನು ಕಸಿದು ಬೆಳೆದುದು ಕಾಯಕದ ಫಲವೆನಿಸದು. ಅಂತಹುದನ್ನು ದಾಸೋಹಕ್ಕೆ ಅರ್ಪಿಸುವುದಾದರೂ ಹೇಗೆ? ಈ ವರ್ಷ ನಾವು ಬಸಿಗಾಲುವೆಗೆ ಗುದ್ದಲಿ ಹಾಕಿದ್ದೇವೆ. ನೆರೆಯವರೂ ಜೊತೆಗೂಡಿದ್ದಾರೆ.