ಹಂಡೆಯ ನೀರು

ರಾತ್ರಿ ಎರಡು ಗಂಟೆ. ತೀರ್ಥಹಳ್ಳಿ ಕಡೆಯ ಜೂನ್ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿದೆ. ಆ ಸದ್ದಿನಲ್ಲಿ ನೀವು ನಿದ್ದೆ ಮಾಡಬಲ್ಲಿರಿ. ಎಚ್ಚರವಾದದ್ದು ಪಕ್ಕದ ಕೋಣೆಯ ಕಿರುಚಾಟಕ್ಕೆ. ಸಂಜೆ ತಮ್ಮತಮ್ಮಲ್ಲೇ ಗೊಣಗಿಕೊಳ್ಳುತ್ತಿದ್ದ ಮರಿಗಳು ಈಗ ಕಿವಿಗೆ ಸೂಜಿ ಚುಚ್ಚಿದ ಹಾಗೆ ಕೂಗುತ್ತಿವೆ. ಸ್ವಿಚ್ಚಿಗೆ ಕೈ ಹೋಗುತ್ತದೆ. ಕರೆಂಟಿಲ್ಲ.

ಟಾರ್ಚು ಹಿಡಿದು ಬಾಗಿಲು ತಳ್ಳಿದರೆ ಭತ್ತದ ಹೊಟ್ಟು, ಹಿಕ್ಕೆ, ಬೆಲ್ಲದ ನೀರು ಮೂರೂ ಬೆರೆತ ವಾಸನೆ. ನೇತುಬಿಟ್ಟ ಬಲ್ಬು ಮುಟ್ಟುತ್ತೀರಿ. ತಣ್ಣಗಿದೆ, ಕರೆಂಟು ಹೋಗಿ ಬಹಳ ಹೊತ್ತಾಗಿದೆ. ನಿನ್ನೆ ತಂದ 25 ಗಿರಿರಾಜ ಕೋಳಿಮರಿಗಳು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದೇ ರೂಪಿಸಿದ ತಳಿ, ಗಟ್ಟಿ ಎಂದು ಹೆಸರು. ಆದರೆ ಗಟ್ಟಿತನ ಪುಕ್ಕ ಬಂದಮೇಲಿನ ಮಾತು. ಮೈಮೇಲೆ ಬರೀ ನವಿರು ಇರುವ ಮೊದಲ ವಾರ ಅವಕ್ಕೆ ಹತ್ತಿರ ಹತ್ತಿರ 35 ಡಿಗ್ರಿ ಕಾವು ಬೇಕು. ಯಂತ್ರದಲ್ಲಿ 21 ದಿನ ಕಳೆದು ಹೊರಬಂದ ಇವಕ್ಕೆ ರೆಕ್ಕೆಯಡಿ ಸೇರಿಸಿಕೊಳ್ಳುವ ಹೇಂಟೆ ಇಲ್ಲ. ಇರುವುದು ನೀವು.

ಮೂಲೆ ಇರಬಾರದೆಂದು ತಗಡನ್ನು ದುಂಡಗೆ ಬಗ್ಗಿಸಿ ಕಟ್ಟಿದ್ದಿರಿ. ಆದರೂ ಒಂದು ಬದಿಗೆ ರಾಶಿ ಬಿದ್ದಿವೆ, ಒಂದರ ಮೇಲೊಂದು. ಚಳಿಗಿಂತ ಬೇಗ ಕೊಲ್ಲುವುದು ಈ ರಾಶಿ. ಕೈ ಹಾಕುತ್ತೀರಿ. ಮೇಲಿನವು ತಣ್ಣಗೆ, ಒಳಗಿನವು ಉಸಿರಿಗೆ ಒದ್ದೆ. ಅಂಗೈಗೆ ಉಗುರು ತರಚುತ್ತದೆ, ಪುಟ್ಟ ಎದೆಗಳು ಹೊಡೆದುಕೊಳ್ಳುತ್ತವೆ. ಬಿಡಿಸಿ ಹರಡುತ್ತೀರಿ, ಮತ್ತೆ ಗುಡ್ಡೆಯಾಗುತ್ತವೆ. ತಳದಲ್ಲಿ ಎರಡು ಏಳುವುದಿಲ್ಲ. ಒಂದರ ಕತ್ತು ಬೆರಳ ಮೇಲೆ ದಾರದ ಹಾಗೆ ಜೋಲುತ್ತದೆ. ಇನ್ನೊಂದರ ಕೊಕ್ಕು ತೆರೆದು ಮುಚ್ಚುತ್ತದೆ. ಅದನ್ನು ಅಂಗಿಯೊಳಗೆ, ಬರಿಯೆದೆಗೆ ಇಳಿಬಿಡುತ್ತೀರಿ. ಐಸಿನ ಚೂರು.

ಕೆಂಡ ತರುವುದೆ? ಮಡಕೆಯಲ್ಲಿ ಕೆಂಡ ಇಡುವವರಿದ್ದಾರೆ. ಕಿಟಕಿ ಮುಚ್ಚಿದರೆ ಕೆಂಡದ ವಿಷಗಾಳಿ, ತೆರೆದರೆ ಎರಚಲು. ಮರಿಗಳನ್ನೇ ಬುಟ್ಟಿಗೆ ತುಂಬಿ ಬಚ್ಚಲೊಲೆಯ ಕಟ್ಟೆಗೆ ಒಯ್ಯುವುದೆ? ಅಲ್ಲಿ ಬೆಕ್ಕು ಮಲಗಿರುತ್ತದೆ. ಹಂಡೆಯ ನೀರನ್ನೇ ಇಲ್ಲಿಗೆ ತರಬೇಕು. ನೀವು ಅತ್ತ ಹೋದಷ್ಟು ಹೊತ್ತೂ ಇತ್ತ ರಾಶಿ ಬೆಳೆಯುತ್ತದೆ. ಓಡಿ.

ಜಗಲಿ. ಒದ್ದೆ ಅಂಗಳ. ಕಾಲು ಜಾರುತ್ತದೆ, ಎದೆಗೆ ಕೈ ಒತ್ತಿಕೊಳ್ಳಿ. ಬಚ್ಚಲಲ್ಲಿ ಹೊಗೆಯ ಕಮಟು. ಹಂಡೆಯ ಮುಚ್ಚಳ ಸುಡುತ್ತದೆ, ಸದ್ಯ! ನಾಲ್ಕು ಸ್ಟೀಲು ಬಾಟಲಿ. ಕೈ ನಡುಗಿ ಮಣಿಕಟ್ಟಿನ ಮೇಲೆ ಚೆಲ್ಲುತ್ತದೆ. ಬೆಕ್ಕು ಒಂದು ಕಣ್ಣು ತೆರೆದು ನಿಮ್ಮ ಅಂಗಿಯನ್ನೇ ನೋಡುತ್ತದೆ.

ಹಳೇ ಪಂಚೆ ಸುತ್ತಿದ ಬಾಟಲಿಗಳನ್ನು ತಗಡಿನ ಒಳಗೆ ನಾಲ್ಕು ಕಡೆ ಇಟ್ಟು, ಗುಡ್ಡೆ ಬಿಡಿಸಿ, ಮೇಲೆ ಅರ್ಧಕ್ಕೆ ಗೋಣಿ ಎಳೆಯುತ್ತೀರಿ. ಕೂರುತ್ತೀರಿ. ಮೊದಲು ಒಂದು ಸುಮ್ಮನಾಗುತ್ತದೆ. ಆಮೇಲೆ ಮೂರು. ಹೆದರಬೇಡಿ, ಟಾರ್ಚು ಬಿಟ್ಟು ನೋಡಿ: ಬಾಟಲಿಗೆ ಒರಗಿ ಅಲ್ಲಲ್ಲೇ ಚಪ್ಪಟೆಯಾಗಿ ಮಲಗುತ್ತಿವೆ. (ಥರ್ಮಾಮೀಟರು ಇದ್ದರೆ ಒಳ್ಳೆಯದೇ, ನನಗಂತೂ ಕಿವಿಯೇ ಸಾಕಾಗಿದೆ.)

ಅಂಗಿಯೊಳಗಿನದು ಇನ್ನೂ ಅಲುಗಿಲ್ಲ. ಬೆಲ್ಲದ ನೀರಿಗೆ ಬೆರಳು ಅದ್ದಿ ಕೊಕ್ಕಿನ ಅಂಚಿಗೆ ಮುಟ್ಟಿಸುತ್ತೀರಿ, ಅಷ್ಟೇ. ಬಾಯೊಳಗೆ ಹಿಂಡಿದರೆ ಉಸಿರಿನ ದಾರಿಗೆ ಇಳಿದೀತು. ಸೊಂಟ ಹಿಡಿಯುತ್ತದೆ. ಹೊರಗೆ ಕಪ್ಪೆ. ಬಹಳ ಹೊತ್ತಿನ ಮೇಲೆ ಎದೆಯ ಮೇಲೆ ಏನೋ ಗೀರುತ್ತದೆ. ಉಗುರು.

ಐದೂವರೆಗೆ ಬಲ್ಬು ಹೊತ್ತಿಕೊಳ್ಳುತ್ತದೆ. ಎಣಿಸುತ್ತೀರಿ: 24. ಇನ್ನೊಂದನ್ನು ಬಾಳೆಬುಡದಲ್ಲಿ, ನಾಯಿ ಕೆದಕದಷ್ಟು ಆಳಕ್ಕೆ ಹೂಳಬೇಕು. ಇವತ್ತು ರಾತ್ರಿಯೂ ಮಳೆ ಬಿಡುವ ಹಾಗಿಲ್ಲ. ಮಲಗುವ ಮುಂಚೆ ಹಂಡೆಗೆ ನೀರು ತುಂಬಿ, ಒಲೆಗೊಂದು ದಪ್ಪ ಕುಂಟೆ ನೂಕಿ.